‘ಡಿಮೋಟಿವೇಟ್’ ಎಂಬ ಗೋಣಿಚೀಲ

ಒಬ್ಬ ಮನುಷ್ಯನ ಬಾಯಿ ಮುಚ್ಚಿಸೋಕೆ ಈಗ ಬೈಯಬೇಕಾಗಿಲ್ಲ, ಜಗಳ ಆಡಬೇಕಾಗಿಲ್ಲ. ‘ಡಿಮೋಟಿವೇಟ್ ಮಾಡ್ಬೇಡ ಗುರು’ ಅಂದ್ರೆ ಸಾಕು. ಎದುರಿಗಿರೋನು ತಕ್ಷಣ ಕುಗ್ಗಿ, ‘ಅಯ್ಯೋ, ಹಂಗಲ್ಲಪ್ಪ, ಆಲ್ ದ ಬೆಸ್ಟ್’ ಅಂತ ಹೇಳಿ ಕಾಫಿ ಲೋಟ ಎತ್ತಿಕೊಂಡು ಸೀಟಿಗೆ ಹೋಗಿಬಿಡ್ತಾನೆ. ಅವನು ಏನು ಹೇಳೋಕೆ ಬಂದಿದ್ದ, ಅದರಲ್ಲಿ ಹುರುಳಿತ್ತಾ ಇಲ್ವಾ ಅನ್ನೋ ಪ್ರಶ್ನೆ ಅಲ್ಲಿಗೆ ಮುಗೀತು.

ನನ್ನ ತಕರಾರು ಇರೋದು ಈ ಪದದ ಮೇಲೇ. ಅದು ಇಂಗ್ಲಿಷ್ ಪದ ಅಂತಲ್ಲ. ದಿನಕ್ಕೆ ಹತ್ತು ಗಂಟೆ ಇಂಗ್ಲಿಷಿನಲ್ಲೇ ಕೋಡ್ ಬರೆದು ಹೊಟ್ಟೆ ಹೊರೆಯೋ ನನಗೆ ಆ ಮಡಿಯೆಲ್ಲ ಇಲ್ಲ. ನನ್ನ ಸಿಟ್ಟು ಏನಂದ್ರೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕೆಲಸಗಳನ್ನ ಈ ಪದ ಒಂದೇ ಚೀಲಕ್ಕೆ ತುಂಬಿಬಿಟ್ಟಿದೆ. ರಾಗಿ, ಮರಳು ಎರಡನ್ನೂ ಒಂದೇ ಗೋಣಿಚೀಲಕ್ಕೆ ಸುರಿದ ಹಾಗೆ. ಹೊರಗಿಂದ ನೋಡಿದರೆ ಚೀಲ ಚೆನ್ನಾಗಿಯೇ ಕಾಣುತ್ತೆ. ಮುದ್ದೆ ನುಂಗುವಾಗ ಗೊತ್ತಾಗುತ್ತೆ.

ಎರಡು ಉದಾಹರಣೆ ತಗೊಳ್ಳಿ. ಮೊದಲನೆಯದು: ಸಂಬಳ ಬಂದ ದಿನವೇ ಆಪ್ಷನ್ಸ್ ಟ್ರೇಡಿಂಗಿಗೆ ದುಡ್ಡು ಸುರಿಯೋ ಗೆಳೆಯನಿಗೆ ನೀವು ‘ಬೇಡ ಕಣೋ’ ಅಂತೀರಿ. ಸುಮ್ಮನೆ ಅಂದಿದ್ದಲ್ಲ, ನಿಮ್ಮ ಕೈಯಲ್ಲಿ ಲೆಕ್ಕ ಇದೆ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಹೊರಗೆ ಹಾಕಿದ ಅಧ್ಯಯನದ ಪ್ರಕಾರ, ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಅಂಡ್ ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ದುಡ್ಡು ಕಳಕೊಂಡಿದ್ದಾರೆ. ತಲಾ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ಇದನ್ನ ಹೇಳಿದರೆ ಗೆಳೆಯನ ಉತ್ತರ: ‘ನೀನು ಯಾವಾಗ್ಲೂ ಡಿಮೋಟಿವೇಟ್ ಮಾಡ್ತೀಯ.’ ನೋಡಿ, ಅವನು ಲೆಕ್ಕಕ್ಕೆ ಉತ್ತರ ಕೊಡಲಿಲ್ಲ. ಲೆಕ್ಕ ಹೇಳಿದವನಿಗೊಂದು ಹೆಸರಿಟ್ಟ, ಅಷ್ಟೆ.

ಎರಡನೆಯದು: ಸಣ್ಣ ಊರಿನಿಂದ ಬಂದ ಹುಡುಗಿ, ಸಿಸ್ಟಂ ಡಿಸೈನ್ ಕಲೀಬೇಕು ಅಂತ ಲೀಡ್ ಹತ್ರ ಹೋಗ್ತಾಳೆ. ಅವನು ಲ್ಯಾಪ್‌ಟಾಪಿನಿಂದ ತಲೆ ಕೂಡ ಎತ್ತದೆ, ‘ಅದೆಲ್ಲ ನಿನ್ನ ಕಪ್ ಆಫ್ ಟೀ ಅಲ್ಲಮ್ಮ, ಟೆಸ್ಟಿಂಗ್ ನೋಡ್ಕೋ’ ಅಂತಾನೆ. ಅವಳೂ ಹಾಸ್ಟೆಲಿಗೆ ಹೋಗಿ ಗೆಳತಿ ಹತ್ರ ಹೇಳೋದು ಅದೇ ಮಾತು: ‘ತುಂಬಾ ಡಿಮೋಟಿವೇಟ್ ಆಯ್ತು ಕಣೇ.’

ಗೆಳೆಯನನ್ನ ಹಳ್ಳಕ್ಕೆ ಬೀಳದ ಹಾಗೆ ತಡೆಯೋಕೆ ಹೋದವನಿಗೂ, ಏಣಿ ಹತ್ತಲು ಬಂದವಳ ಕೈ ತುಳಿದವನಿಗೂ ನಾವು ಒಂದೇ ಹೆಸರು ಕೊಟ್ಟಿದ್ದೀವಿ. ಹೆಸರು ಒಂದೇ ಆದ ಮೇಲೆ ಶಿಕ್ಷೆಯೂ ಒಂದೇ ಇರಬೇಕಲ್ವಾ? ಅಲ್ಲೇ ಇರೋದು ಮೋಸ. ಶಿಕ್ಷೆ ಆಗ್ತಿರೋದು ಮೊದಲನೆಯವನಿಗೆ ಮಾತ್ರ. ಯಾಕಂದ್ರೆ ಅವನು ಎದುರಿಗೆ ನಿಂತು, ಎಲ್ಲರಿಗೂ ಕೇಳೋ ಹಾಗೆ ‘ಬೇಡ’ ಅಂದ. ಎರಡನೆಯವನು ಏನೂ ಮಾಡೇ ಇಲ್ಲ ಅನ್ನೋ ಹಾಗೆ ಮಾಡಿ ಮುಗಿಸಿದ.

ತಮಾಷೆ ಅಂದ್ರೆ ಇಂಗ್ಲಿಷಿನವರು ಈ ಎರಡನ್ನೂ ಬೇರೆ ಬೇರೆ ಇಟ್ಟಿದ್ದಾರೆ. ‘ಡಿಸ್ವೇಡ್’ ಅಂತ ಒಂದು ಕ್ರಿಯಾಪದ ಇದೆ. ಲ್ಯಾಟಿನ್ ಮೂಲದ್ದು. ಅದರ ಒಡಲಲ್ಲಿರೋದು ಸಲಹೆ ಕೊಡು, ಒಪ್ಪಿಸು ಅನ್ನೋ ಅರ್ಥದ ಧಾತು. ‘ಪರ್ಸ್ವೇಡ್’ ಅಂದ್ರೆ ಮಾಡು ಅಂತ ಒಪ್ಪಿಸೋದು; ‘ಡಿಸ್ವೇಡ್’ ಅಂದ್ರೆ ಮಾಡಬೇಡ ಅಂತ ಒಪ್ಪಿಸೋದು. ಎರಡಕ್ಕೂ ಬೇಕಾದ್ದು ಮಾತು, ಕಾರಣ, ತಾಳ್ಮೆ. ಇನ್ನೊಂದು ‘ಡಿಸ್ಕರೇಜ್’. ಅದರ ಹೊಟ್ಟೆಯಲ್ಲಿರೋದು ‘ಕರೇಜ್’, ಅದರ ಬೇರು ಹೃದಯ ಅನ್ನೋ ಅರ್ಥದ ಲ್ಯಾಟಿನ್ ಪದ. ಅಂದ್ರೆ ಎದೆಯೊಳಗಿರೋದನ್ನ ಕಿತ್ತುಕೊಳ್ಳೋದು. ಮೂರನೆಯದು ‘ಡಿಟರ್’. ಅದರ ಬೇರಿನಲ್ಲಿರೋದು ಹೆದರಿಕೆ, ‘ಟೆರರ್’ ಹುಟ್ಟಿದ ಬೇರೇ ಅದು. ದಂಡ, ಬೋರ್ಡು, ಮುಳ್ಳುತಂತಿ ಇವೆಲ್ಲ ಮಾಡೋ ಕೆಲಸ. ಒಂದು ತಲೆಗೆ ಸಂಬಂಧಪಟ್ಟಿದ್ದು, ಒಂದು ಎದೆಗೆ, ಒಂದು ಬೆನ್ನುಹುರಿಗೆ. ‘ಡಿಮೋಟಿವೇಟ್’ ಇವುಗಳ ಪಕ್ಕದಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಕೂಸು, ಕಳೆದ ಶತಮಾನದ್ದು. ಮ್ಯಾನೇಜ್‌ಮೆಂಟ್ ಪಾಠಗಳ ಜೊತೆ ಬೆಳೆದು ನಮ್ಮ ಅಪ್ರೈಸಲ್ ಫಾರಮ್ಮಿಗೆ ಬಂದು ಕೂತಿದೆ.

ಬಳಕೆಯಲ್ಲೂ ವ್ಯತ್ಯಾಸ ಇದೆ, ಅದನ್ನ ಸ್ವಲ್ಪ ಗಮನಿಸಬೇಕು. ನಮ್ಮಲ್ಲಿ ಬಹಳ ಜನ ‘ಹೀ ಡಿಸ್ಕರೇಜ್ಡ್ ಮೀ ಟು ಗೋ’ ಅಂತಾರೆ. ತಪ್ಪು. ಡಿಸ್ವೇಡ್ ಆಗಲಿ ಡಿಸ್ಕರೇಜ್ ಆಗಲಿ, ಹಿಂದೆ ಬರಬೇಕಾದ್ದು ‘ಫ್ರಮ್ ಗೋಯಿಂಗ್’. ಅದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ‘ಡಿಸ್ವೇಡ್ ಮಾಡಿದೆ’ ಅಂದ್ರೆ ಕೆಲಸ ಆಯ್ತು ಅಂತ ಅರ್ಥ. ಎದುರಿನವನು ಒಪ್ಪಿದ, ಬಿಟ್ಟ. ಅವನು ಒಪ್ಪದೇ ಹೋದರೆ ‘ಡಿಸ್ವೇಡ್ ಮಾಡೋಕೆ ನೋಡಿದೆ’ ಅನ್ನಬೇಕು. ಅಂದ್ರೆ ಆ ಕ್ರಿಯಾಪದ ಪೂರ್ತಿ ಆಗಬೇಕಾದರೆ ಎದುರಿನವನ ತಲೆ ಒಪ್ಪಿಗೆ ಕೊಡಬೇಕು, ಕೊನೆಯ ಓಟು ಅವನದೇ. ಡಿಸ್ಕರೇಜ್ ಮಾಡೋಕೆ ಯಾರ ಒಪ್ಪಿಗೆಯೂ ಬೇಡ. ಮಲಗಿದವನ ಜೇಬಿಗೆ ಕೈ ಹಾಕಿದ ಹಾಗೆ.

ಇಂಗ್ಲಿಷಿನ ಮಾತು ಬಿಡಿ, ನಮ್ಮದನ್ನ ನೋಡೋಣ. ಕನ್ನಡದಲ್ಲಿ ಇದಕ್ಕೆ ಪದ ಇಲ್ಲ, ಅದಕ್ಕೇ ‘ಡಿಮೋಟಿವೇಟ್’ ಬೇಕು ಅನ್ನೋರಿದ್ದಾರೆ. ‘ನಿರುತ್ಸಾಹಗೊಳಿಸು’ ಅಂತ ಪರೀಕ್ಷೆಯಲ್ಲಿ ಬರೆದಿದ್ದು ಬಿಟ್ಟರೆ ಅವರಿಗೆ ಬೇರೆ ನೆನಪಾಗಲ್ಲ. ಸ್ವಾಮಿ, ನಮ್ಮ ಭಾಷೆಯಲ್ಲಿ ಪದ ಕಡಿಮೆ ಇಲ್ಲ, ಕಪಾಟು ತೆಗೆಯೋ ವ್ಯವಧಾನ ಕಡಿಮೆ ಇದೆ. ಎದೆಗುಂದಿಸು ಅಂತೀವಿ. ಎದೆ ಕುಂದೋದು, ಇಂಗ್ಲಿಷಿನವರ ಹೃದಯದ ಲೆಕ್ಕವೇ. ತಣ್ಣೀರೆರಚು ಅಂತೀವಿ. ಕೈ ಕಟ್ಟಿ ಹಾಕೋದು ಬೇರೆ, ಕಾಲೆಳೆಯೋದು ಬೇರೆ, ಅಡ್ಡಗಾಲು ಹಾಕೋದು ಬೇರೆ, ಹೀಯಾಳಿಸೋದು ಬೇರೆ. ಇವೆಲ್ಲ ಒಂದು ಗುಂಪು. ಇನ್ನೊಂದು ಗುಂಪು ಇದೆ: ಬುದ್ಧಿ ಹೇಳು, ತಿಳಿ ಹೇಳು, ಎಚ್ಚರಿಸು, ಮನಸ್ಸು ತಿರುಗಿಸು. ಮತ್ತೆ ಇವೆಲ್ಲಕ್ಕೂ ತಾಯಿಯಂಥ ಒಂದು ಸಣ್ಣ ಪದ, ‘ಬೇಡ’. ನಮ್ಮ ಕಡೆ ‘ಬ್ಯಾಡ’. ಈ ಎರಡು ಗುಂಪುಗಳನ್ನ ನಮ್ಮೂರಲ್ಲಿ ಓದು ಬರಹ ಬಾರದ ಮುದುಕಿಯೂ ಕಲಬೆರಕೆ ಮಾಡಲ್ಲ.

ನಮ್ಮೂರು ಅಂದ್ರೆ ಮತ್ತೋಡು, ಹೊಸದುರ್ಗ ತಾಲ್ಲೂಕು. ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿದ್ದ ಊರು. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಗಾಜಿನ ಕೆಲಸದ ಬಗ್ಗೆ ಬರೆದಿಟ್ಟಿದ್ದಾನೆ. ಈಗ ಬಳೆ ಅಂದ್ರೆ ಫಿರೋಜಾಬಾದ್, ನಮ್ಮಲ್ಲಿ ಉಳಿದಿರೋದು ತೆಂಗು, ಅಡಿಕೆ, ರಾಗಿ ಮತ್ತು ನೀರಿನ ಚಿಂತೆ. ತಾಲ್ಲೂಕಿನಲ್ಲಿ ವೇದಾವತಿ ಹರೀತಾಳೆ ಅನ್ನೋದು ನಿಜ. ಆದರೆ ಆ ನೀರು ಹೋಗಿ ಸೇರೋ ಹಿರಿಯೂರು ಕಡೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. ಮಧ್ಯದಲ್ಲಿ 89 ವರ್ಷ. ಅಂಥ ಸೀಮೆ. ಹಾಗಾಗಿ ನಮ್ಮಲ್ಲಿ ‘ಬ್ಯಾಡ’ ಅನ್ನೋ ಪದ ಅತಿ ಹೆಚ್ಚು ಕೇಳಿಸೋದು ಬೋರ್‌ವೆಲ್ ವಿಷಯದಲ್ಲಿ.

ತೋಟ ಒಣಗ್ತಿದೆ. ಎರಡು ಬೋರು ಕೈ ಕೊಟ್ಟಿವೆ. ಮೂರನೆಯದಕ್ಕೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡೋನು ಬಂದು ಹೋಗಿದ್ದಾನೆ. ತಿರುಚೆಂಗೋಡಿನ ಲಾರಿಗೆ ಫೋನು ಹೋಗಿದೆ. ಆಗ ಕಟ್ಟೆ ಮೇಲೆ ಎರಡು ಥರದ ಮಾತು ಹುಟ್ಟುತ್ತೆ.

ಒಂದು: ‘ಬ್ಯಾಡ ಕಣಪ್ಪ. ಮಗ್ಗುಲ ಹೊಲ್ದಾಗೆ ಎಂಟುನೂರು ಅಡಿಗೂ ಬರೇ ಧೂಳೇ ಬಂದೈತೆ. ಈ ಸಾಲ ತೀರ್ಸಕ್ಕೆ ಇರೋ ಅಡಿಕೆನೂ ಹೋಗ್ತೈತೆ. ಈ ವರ್ಷ ಟ್ಯಾಂಕರ್ ಹೊಡ್ಸು, ಮಳೆ ನೋಡ್ಕಂಡು ಮುಂದಿಂದು ಮಾಡು.’

ಇನ್ನೊಂದು: ‘ಅವ್ನ ಹಣೇಲಿ ನೀರೆಲ್ಲಿ ಬರ್ದೈತೆ ಬಿಡು. ಅವ್ರಪ್ಪನ ಕಾಲ್ದಿಂದ್ಲೂ ಮುಟ್ಟಿದ್ದೆಲ್ಲ ಮಣ್ಣೇ.’

ಎರಡೂ ಬೋರು ಬೇಡ ಅನ್ನೋ ಮಾತೇ. ಎರಡರ ಪರಿಣಾಮವೂ ಒಂದೇ ಆಗಬಹುದು, ಲಾರಿ ಬರದೇ ಇರಬಹುದು. ಆದರೆ ಮೊದಲನೇ ಮಾತು ನೆಲದ ಬಗ್ಗೆ, ಎರಡನೇದು ಮನುಷ್ಯನ ಬಗ್ಗೆ. ಮೊದಲನೇ ಮಾತಿಗೆ ಉತ್ತರ ಕೊಡಬಹುದು: ‘ಮಗ್ಗುಲ ಹೊಲ ಎತ್ತರದಾಗೈತೆ, ನಮ್ದು ಹಳ್ಳದ ಅಂಚು, ಜಿಯಾಲಜಿಸ್ಟ್ ಕರ್ಸಿ ನೋಡೋಣ’ ಅನ್ನಬಹುದು. ಎರಡನೇದಕ್ಕೆ ಏನಂತ ಉತ್ತರ ಕೊಡ್ತೀರಿ? ಹಣೆ ತೊಳ್ಕೊಂಡು ಬರೋಕಾಗುತ್ತಾ?

ಇನ್ನೊಂದು ವಿಷಯ. ಮೊದಲನೇ ಮಾತು ಆಡಿದ ದೊಡ್ಡಪ್ಪ, ಅಷ್ಟು ಹೇಳಿದರೂ ಕೇಳದೆ ಲಾರಿ ಕರೆಸಿದ ರಾತ್ರಿ, ಕಂಬಳಿ ಹೊದ್ದುಕೊಂಡು ಬಂದು ರಿಗ್ಗಿನ ಪಕ್ಕದಲ್ಲೇ ಕೂತಿರ್ತಾನೆ. ಎಷ್ಟನೇ ಅಡಿಗೆ ತೇವ ಬಂತು ಅಂತ ಮಣ್ಣು ಮುಟ್ಟಿ ನೋಡ್ತಾನೆ. ಎರಡನೇ ಮಾತು ಆಡಿದವನು ಬೆಳಗ್ಗೆ ಬರ್ತಾನೆ, ನೀರು ಬಂತಾ ಇಲ್ವಾ ಅಂತ ಕೇಳೋಕೆ, ಬಂದಿಲ್ಲ ಅಂದ್ರೆ ಟೀ ಅಂಗಡೀಲಿ ಹೇಳೋಕೆ. ಹಳ್ಳಿಯವರಿಗೆ ಈ ಇಬ್ಬರೂ ಯಾರ್ಯಾರು ಅಂತ ಚೆನ್ನಾಗಿ ಗೊತ್ತು. ಬೆಂಗಳೂರಿನ ಹವಾನಿಯಂತ್ರಿತ ಮೀಟಿಂಗ್ ರೂಮಿನಲ್ಲಿ ಕೂತ ನಮಗೆ ಮಾತ್ರ ಗೊತ್ತಾಗ್ತಿಲ್ಲ.

ನಮ್ಮ ಆಫೀಸುಗಳಿಗೆ ಬನ್ನಿ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಒಬ್ಬ ಹಿರಿಯ ಇಂಜಿನಿಯರ್ ಇದ್ದರು. ಶುಕ್ರವಾರ ಸಂಜೆ ಡೇಟಾಬೇಸ್ ಮೈಗ್ರೇಷನ್ ಮಾಡ್ತೀವಿ ಅಂದಾಗ ಅವರು ಒಂದು ಮೇಲ್ ಹಾಕಿದರು: ಈ ವಾರ ಬೇಡ, ರೋಲ್‌ಬ್ಯಾಕ್ ಪ್ಲಾನ್ ಇಲ್ಲ, ಬ್ಯಾಕಪ್ ವಾಪಸ್ ಹಾಕಿ ಪರೀಕ್ಷಿಸಿಲ್ಲ, ಸೋಮವಾರ ಈ ಎರಡನ್ನ ಮುಗಿಸಿ ಮಂಗಳವಾರ ಮಾಡೋಣ. ಮೂರು ಸಾಲು. ಕಾರಣ ಇತ್ತು, ಪರ್ಯಾಯ ಇತ್ತು, ತಾರೀಖಿತ್ತು. ವರ್ಷದ ಕೊನೆಗೆ ಅವರ ಅಪ್ರೈಸಲ್‌ನಲ್ಲಿ ಬಂದ ಮಾತು: ನೆಗೆಟಿವ್, ಟೀಮನ್ನ ಡಿಮೋಟಿವೇಟ್ ಮಾಡ್ತಾರೆ. ಆಮೇಲೆ ಅವರು ಮೇಲ್ ಹಾಕೋದು ನಿಲ್ಲಿಸಿದರು. ‘ನಿಮ್ಮಿಷ್ಟ’ ಅನ್ನೋದು ಕಲಿತರು. ಎಲ್ಲರಿಗೂ ಬೇಕಾದವರಾದರು.

ಅದೇ ಟೀಮಿನಲ್ಲಿ ಬಯಲುಸೀಮೆಯ ಕಡೆಯ ಒಬ್ಬ ಹುಡುಗ ಸೇರಿದ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮಾಧ್ಯಮ. ಕೋಡ್ ಚೆನ್ನಾಗಿ ಬರೀತಿದ್ದ. ಮೀಟಿಂಗಿನಲ್ಲಿ ಅವನು ಬಾಯಿ ತೆಗೆದಾಗೆಲ್ಲ, ವಾಕ್ಯ ಮುಗಿಯೋಕೆ ಮುಂಚೆ ಯಾರಾದರೂ ಅದನ್ನ ‘ಸರಿಯಾದ’ ಇಂಗ್ಲಿಷಿನಲ್ಲಿ ಮುಗಿಸೋರು. ಅವನ ಪ್ರಶ್ನೆಗೆ ‘ಆಫ್‌ಲೈನ್ ಮಾತಾಡೋಣ’ ಅನ್ನೋರು. ಆ ಆಫ್‌ಲೈನ್ ಯಾವತ್ತೂ ಬರ್ತಿರಲಿಲ್ಲ. ಕ್ಲೈಂಟ್ ಕಾಲ್ ಇದ್ದರೆ ಅವನ ಹೆಸರು ಇನ್ವೈಟಿನಲ್ಲೇ ಇರ್ತಿರಲಿಲ್ಲ. ಯಾರೂ ಅವನಿಗೆ ‘ಬೇಡ’ ಅನ್ನಲಿಲ್ಲ. ಬೈಯಲೂ ಇಲ್ಲ. ಎಲ್ಲರೂ ನಗುನಗುತ್ತಾ ‘ಗ್ರೇಟ್ ಜಾಬ್’ ಅಂತಾನೇ ಇದ್ದರು. ಮೂರು ತಿಂಗಳಿಗೆ ಹುಡುಗ ಮಾತು ನಿಲ್ಲಿಸಿದ. ಯಾರ ಅಪ್ರೈಸಲ್‌ನಲ್ಲೂ ಅವನನ್ನ ಡಿಮೋಟಿವೇಟ್ ಮಾಡಿದ್ದು ಬರಲಿಲ್ಲ. ಬರೆಯೋಕೆ ಅಲ್ಲಿ ಏನೂ ‘ಆಗಿರಲಿಲ್ಲವಲ್ಲ’!

ಇದೇ ನಾನು ಹೇಳಬೇಕಂತಿರೋದು. ಬಾಯಿಬಿಟ್ಟು ಬೇಡ ಅನ್ನೋನಿಗೆ ದಂಡ ಹಾಕಿ, ಬಾಯಿ ಬಿಡದೆ ಎದೆಗುಂದಿಸೋನಿಗೆ ಬಡ್ತಿ ಕೊಡೋ ವ್ಯವಸ್ಥೆಯನ್ನ ನಾವೇ ಕಟ್ಟಿಕೊಂಡಿದ್ದೀವಿ. ಈ ‘ಡಿಮೋಟಿವೇಟ್’ ಅನ್ನೋ ಪದ ಅದಕ್ಕೆ ಕಾವಲುಗಾರ.

ಬೇಡ ಅನ್ನೋರನ್ನ ಓಡಿಸಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಇಂಜಿನಿಯರಿಂಗ್ ಲೋಕದಲ್ಲಿ ಪಾಠದ ಹಾಗೆ ಹೇಳೋ ಒಂದು ರಾತ್ರಿ ಇದೆ. 1986ರ ಜನವರಿ 27. ಮರುದಿನ ಅಮೆರಿಕದ ಚಾಲೆಂಜರ್ ನೌಕೆ ಹಾರಬೇಕು. ಆ ರಾತ್ರಿ ವಿಪರೀತ ಚಳಿ ಇರುತ್ತೆ ಅನ್ನೋ ಮುನ್ಸೂಚನೆ. ರಾಕೆಟ್ಟಿನ ಬೂಸ್ಟರ್ ತಯಾರಿಸಿದ ಮಾರ್ಟನ್ ಥಿಯೋಕಾಲ್ ಕಂಪನಿಯ ರೋಜರ್ ಬೋಜೊಲೆ ಮತ್ತಿತರ ಇಂಜಿನಿಯರುಗಳು ಫೋನಿನ ಸಭೆಯಲ್ಲಿ ಬೇಡ ಅಂದರು. ಚಳಿಗೆ ಜೋಡಣೆಯ ರಬ್ಬರ್ ಉಂಗುರ ಗಡುಸಾಗುತ್ತೆ, ಬಿಸಿ ಅನಿಲ ಸೋರುತ್ತೆ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಾರಿಸಬೇಡಿ ಅಂತ ಲೆಕ್ಕ ಮುಂದಿಟ್ಟರು. ನಾಸಾದವರಿಗೆ ಇಷ್ಟ ಆಗಲಿಲ್ಲ. ಕೊನೆಗೆ ಕಂಪನಿಯ ಮ್ಯಾನೇಜರುಗಳೇ ತಮ್ಮ ಇಂಜಿನಿಯರುಗಳ ಮಾತು ಪಕ್ಕಕ್ಕಿಟ್ಟು ಹೂಂ ಅಂದರು. ಮರುದಿನ ಹಾರಿದ 73 ಸೆಕೆಂಡಿಗೆ ನೌಕೆ ಆಕಾಶದಲ್ಲೇ ಚೂರಾಯಿತು. 7 ಜನ ಸತ್ತರು. ಆ ಇಂಜಿನಿಯರುಗಳು ಡಿಸ್ವೇಡ್ ಮಾಡೋಕೆ ನೋಡಿದರು, ಆಗಲಿಲ್ಲ. ಆ ಕ್ರಿಯಾಪದ ಎದುರಿನವನ ಒಪ್ಪಿಗೆ ಕೇಳುತ್ತೆ ಅಂದೆನಲ್ಲ, ಅದರ ಬೆಲೆ ಕೆಲವು ಸಲ ಇಷ್ಟಿರುತ್ತೆ.

ಇನ್ನೊಂದು ಬದಿಗೆ ಬನ್ನಿ, ಎದೆಗುಂದಿಸೋ ಬದಿಗೆ. 1933ರಲ್ಲಿ ಬಾಂಬೆ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಮುಗಿಸಿದ ಕಮಲಾ ಭಾಗವತ್, ಒಳ್ಳೇ ಅಂಕ ಇಟ್ಟುಕೊಂಡು ನಮ್ಮ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ ಅರ್ಜಿ ಹಾಕಿದರು. ಆಗ ನಿರ್ದೇಶಕರು ಸಿ.ವಿ. ರಾಮನ್. ಅರ್ಜಿ ತಿರಸ್ಕಾರ ಆಯ್ತು. ಕಾರಣ, ಆಕೆ ಹೆಣ್ಣು. ಆಕೆ ಬಿಡಲಿಲ್ಲ, ಬಂದು ಪಟ್ಟು ಹಿಡಿದು ಕೂತರು. ಕೊನೆಗೆ ಸೀಟು ಸಿಕ್ಕಿತು, ಆದರೆ ಷರತ್ತಿನ ಮೇಲೆ: ಮೊದಲ ವರ್ಷ ರೆಗ್ಯುಲರ್ ವಿದ್ಯಾರ್ಥಿನಿ ಅಲ್ಲ, ಕೆಲಸ ನೋಡಿ ಆಮೇಲೆ ಮಾನ್ಯತೆ, ಜೊತೆಗಿರೋ ಗಂಡಸರ ಗಮನ ಕೆಡಿಸಬಾರದು. 1936ರಲ್ಲಿ ಎಂ.ಎಸ್ಸಿ. ಪಡೆದು, ಕೇಂಬ್ರಿಜ್‌ಗೆ ಹೋಗಿ, 1939ರಲ್ಲಿ ಪಿಎಚ್.ಡಿ. ಮಾಡಿದರು. ಮುಂದೆ ಕಮಲಾ ಸೊಹೊನಿ ಅಂತ ಹೆಸರಾದವರು ಇವರೇ. ರಾಮನ್ ಮಹಾ ವಿಜ್ಞಾನಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಆ ‘ಬೇಡ’ದಲ್ಲಿ ವಿಜ್ಞಾನ ಇರಲಿಲ್ಲ. ಆಕೆಯ ಪ್ರಯೋಗದ ಬಗ್ಗೆ ಏನಾದರೂ ತಕರಾರು ಎತ್ತಿದ್ದರೆ ಆಕೆ ಪ್ರಯೋಗದಿಂದಲೇ ಉತ್ತರ ಕೊಡ್ತಿದ್ದರು. ಹೆಣ್ಣು ಅನ್ನೋ ತಕರಾರಿಗೆ ಯಾವ ಟೆಸ್ಟ್ ಟ್ಯೂಬಿನಲ್ಲಿ ಉತ್ತರ ಇದೆ?

ಮೂವತ್ತೈದು ವರ್ಷ ಮುಂದಕ್ಕೆ ಬಂದರೆ ಹುಬ್ಬಳ್ಳಿ. 1960ರ ದಶಕದ ಕೊನೆಗೆ ಇಂಜಿನಿಯರಿಂಗ್ ಓದಲು ಸೇರಿದ ಸುಧಾ ಮೂರ್ತಿ ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ: ಸೀರೆ ಉಟ್ಟೇ ಬರಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು ಅಂತ ಷರತ್ತು ಇತ್ತಂತೆ. ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲವಂತೆ. ಗಮನಿಸಿ, ಯಾರೂ ‘ಓದಬೇಡ’ ಅನ್ನಲಿಲ್ಲ. ಸೀಟು ಕೊಟ್ಟರು. ಶೌಚಾಲಯ ಕೊಡಲಿಲ್ಲ. ಎದೆಗುಂದಿಸೋ ಕಲೆ ಅಂದ್ರೆ ಇದು. 1974ರಲ್ಲಿ ಟೆಲ್ಕೋ ಕಂಪನಿ ಕೆಲಸಕ್ಕೆ ಅರ್ಜಿ ಕರೆದು, ಹೆಂಗಸರು ಅರ್ಜಿ ಹಾಕಬೇಕಾಗಿಲ್ಲ ಅಂತ ಜಾಹೀರಾತಿನಲ್ಲೇ ಸೇರಿಸಿದಾಗ ಅವರು ಜೆ.ಆರ್.ಡಿ. ಟಾಟಾಗೆ ಪೋಸ್ಟ್‌ಕಾರ್ಡ್ ಬರೆದಿದ್ದು, ಕರೆ ಬಂದಿದ್ದು, ಪುಣೆಯಲ್ಲಿ ಕೆಲಸ ಸಿಕ್ಕಿದ್ದು ಎಲ್ಲರಿಗೂ ಗೊತ್ತಿರೋ ಕಥೆ.

ಈ ಕಥೆಯನ್ನ ಮೋಟಿವೇಶನ್ ಭಾಷಣಕಾರರು ತುಂಬಾ ಹೇಳ್ತಾರೆ. ನೋಡಿ, ಛಲ ಇದ್ದರೆ ಎಲ್ಲ ಸಾಧ್ಯ, ನೆಗೆಟಿವ್ ಜನರನ್ನ ದೂರ ಇಡಿ ಅಂತ. ನನಗೆ ಅಲ್ಲೇ ಮೈ ಉರಿಯೋದು. ಒಂದು ಪೋಸ್ಟ್‌ಕಾರ್ಡ್ ಬರೆದವರ ಕಥೆ ನಮಗೆ ಗೊತ್ತು. ಅದೇ ಜಾಹೀರಾತು ಓದಿ ಪೇಪರ್ ಮಡಚಿಟ್ಟ ಹುಡುಗಿಯರ ಕಥೆ? ಶೌಚಾಲಯ ಇಲ್ಲ ಅಂತ ಎರಡನೇ ವಾರಕ್ಕೆ ಊರಿಗೆ ಹೋದವರ ಕಥೆ? ಅದು ಯಾವ ವೇದಿಕೆಗೂ ಬರಲ್ಲ. ಎದೆಗುಂದಿಸಿದ್ದಕ್ಕೆ ದಾಖಲೆ ಉಳಿಯಲ್ಲ, ಉಳಿಯೋದು ಅದನ್ನ ದಾಟಿ ಬಂದ ಒಬ್ಬಿಬ್ಬರ ಹೆಸರು ಮಾತ್ರ. ಅವರನ್ನ ತೋರಿಸಿ, ‘ನಿನಗ್ಯಾಕೆ ಆಗಲ್ಲ’ ಅಂತ ಕೇಳೋದು ಗೋಡೆ ಕಟ್ಟಿದವನನ್ನ ಬಿಟ್ಟು, ಹಾರಲಾರದವನ ಕಾಲನ್ನ ಬೈದ ಹಾಗೆ.

ಈ ವ್ಯತ್ಯಾಸ ನಮ್ಮ ಹಿರಿಯರಿಗೆ ಗೊತ್ತಿತ್ತು ಅನ್ನೋದಕ್ಕೆ ದೂರ ಹೋಗಬೇಕಾಗಿಲ್ಲ, ಮಹಾಭಾರತ ಸಾಕು. ಅದರಲ್ಲಿ ವಿದುರ ಇದ್ದಾನೆ. ಜೂಜು ಬೇಡ ಅಂದ, ಯುದ್ಧ ಬೇಡ ಅಂದ, ತುಂಬಿದ ಸಭೆಯಲ್ಲಿ ಕಾರಣ ಸಮೇತ ಅಂದ. ದುರ್ಯೋಧನ ಅವನನ್ನ ಶತ್ರುಗಳ ಕಡೆಯವನು ಅಂತ ಜರಿದ. ಇವತ್ತಾಗಿದ್ದರೆ ‘ಟಾಕ್ಸಿಕ್’ ಅಂತಿದ್ದ. ಅದರಲ್ಲೇ ಶಲ್ಯನೂ ಇದ್ದಾನೆ. ಕರ್ಣನ ಸಾರಥಿ. ರಥ ಓಡಿಸೋದರಲ್ಲಿ ಕೃಷ್ಣನಿಗೆ ಸಮ. ಕರ್ಣನ ಉತ್ಸಾಹ ಕುಂದಿಸ್ತೀನಿ ಅಂತ ಧರ್ಮರಾಯನಿಗೆ ಮೊದಲೇ ಮಾತು ಕೊಟ್ಟು ಬಂದು ರಥ ಹತ್ತಿದವನು. ದಾರಿಯುದ್ದಕ್ಕೂ, ನೀನು ಕಾಗೆ, ಅರ್ಜುನ ಹಂಸ ಅಂತ ಹೀಯಾಳಿಸಿದವನು. ಅವನು ಯುದ್ಧ ಬೇಡ ಅನ್ನಲೇ ಇಲ್ಲ. ರಥ ಓಡಿಸ್ತಾ, ಎದೆ ಕುಂದಿಸ್ತಾ ಹೋದ. ವಿದುರನನ್ನೂ ಶಲ್ಯನನ್ನೂ ಒಂದೇ ಪದದಲ್ಲಿ ಕರೆಯೋ ಧೈರ್ಯ ನಮ್ಮೂರ ಬಯಲಾಟದ ಭಾಗವತರಿಗೂ ಇಲ್ಲ. ನಮ್ಮ ಎಚ್.ಆರ್. ಇಲಾಖೆಗೆ ಇದೆ.

ಈಗ ನೀವು ಕೇಳಬಹುದು: ‘ಬೇಡ’ ಅನ್ನೋದನ್ನ ಇಷ್ಟು ಹೊಗಳ್ತೀಯಲ್ಲ, ಹಳ್ಳಿಗಳಲ್ಲಿ ಅರ್ಧ ಜನರ ಬದುಕು ಹಾಳಾಗಿದ್ದೇ ಮನೆಯವರ ‘ಬೇಡ’ದಿಂದ ಅಲ್ವಾ? ಓದು ಬೇಡ, ಆ ಹುಡುಗ ಬೇಡ, ಬೆಂಗಳೂರು ಬೇಡ, ಈ ಕೋರ್ಸ್ ಬೇಡ?

ಸರಿಯಾದ ಪ್ರಶ್ನೆ. ಅದಕ್ಕೇ ನಾನು ಎಲ್ಲ ‘ಬೇಡ’ಕ್ಕೂ ಜೈ ಅಂತಿಲ್ಲ. ಎರಡನ್ನೂ ಬೇರೆ ಮಾಡಿ ಅಂತಿದೀನಿ. ‘ಹಾಸ್ಟೆಲ್ ಫೀಸು ಇಷ್ಟು, ನಮ್ಮ ಕೈಯಲ್ಲಿರೋದು ಇಷ್ಟು, ಈ ವರ್ಷ ಹೊಸದುರ್ಗದಲ್ಲೇ ಡಿಗ್ರಿ ಸೇರಮ್ಮ’ ಅಂತ ಅಪ್ಪ ಹೇಳಿದರೆ ಅದು ಒಂಥರಾ ಬೇಡ. ಮಗಳು ಸ್ಕಾಲರ್‌ಶಿಪ್ಪಿನ ಕಾಗದ ತಂದು ಮುಂದಿಟ್ಟರೆ ಅದು ಬದಲಾಗುತ್ತೆ. ‘ಹೆಣ್ಣುಮಕ್ಕಳಿಗೆ ಯಾಕೆ ಬಿ.ಇ., ನಾಕು ಜನ ಏನಂತಾರೆ’ ಅನ್ನೋದು ಇನ್ನೊಂಥರಾ. ಅದಕ್ಕೆ ಯಾವ ಕಾಗದ ತಂದರೂ ಸಾಕಾಗಲ್ಲ. ಮೊದಲನೇದು ವಿದುರನ ವಂಶ, ಎರಡನೇದು ಶಲ್ಯನ ವಂಶ. ಎರಡನ್ನೂ ಆಡೋದು ಒಬ್ಬನೇ ಅಪ್ಪ ಇರಬಹುದು, ಒಂದೇ ದಿನ ಆಡಬಹುದು. ಅಪ್ಪನಿಗೊಂದು ಹಣೆಪಟ್ಟಿ ಹಚ್ಚೋ ಬದಲು ಅವನ ಮಾತನ್ನ ತೂಗಿ ನೋಡಿ.

ತೂಗೋಕೆ ನನ್ನ ಹತ್ತಿರ ಮೂರೇ ಕಲ್ಲು ಇರೋದು. ಒಂದು, ಮಾತು ಕೆಲಸದ ಮೇಲಿದೆಯಾ, ಆಳಿನ ಮೇಲಿದೆಯಾ? ಎರಡು, ಕಾರಣ ಬದಲಾದರೆ ‘ಬೇಡ’ ಬದಲಾಗುತ್ತಾ? ಮೂರು, ನಾನು ಕೇಳದೆ ಮುನ್ನುಗ್ಗಿದರೂ ಅವನು ರಿಗ್ಗಿನ ಪಕ್ಕ ಬಂದು ಕೂರ್ತಾನಾ? ಈ ಮೂರನ್ನೂ ದಾಟಿದ ‘ಬೇಡ’ವನ್ನ ಡಿಮೋಟಿವೇಶನ್ ಅಂತ ಕರೆಯೋದು ಕೃತಘ್ನತನ. ಒಂದನ್ನೂ ದಾಟದೆ ಇರೋ ‘ಆಲ್ ದ ಬೆಸ್ಟ್’ ಕೂಡ ಕೆಲವು ಸಲ ಎದೆಗುಂದಿಸೋ ಮಾತೇ. ನೀನು ಏನಾದರೂ ಮಾಡ್ಕೋ, ನನಗೇನು ಅನ್ನೋದನ್ನ ನಾಗರಿಕವಾಗಿ ಹೇಳೋ ರೀತಿ ಅದು.

ಬೇಡ ಅನ್ನೋ ನಮ್ಮಂಥವರಿಗೂ ಒಂದು ಮಾತು. ಯಥಾರ್ಥವಾದಿ ಲೋಕವಿರೋಧಿ ಅಂತ ಎದೆ ಉಬ್ಬಿಸಿಕೊಂಡು ತಿರುಗೋ ಸೀನಿಯರುಗಳನ್ನ ನೋಡಿದೀನಿ. ಕೋಡ್ ರಿವ್ಯೂನಲ್ಲಿ ‘ಇದನ್ನ ಯಾರು ಬರೆದಿದ್ದು’ ಅಂತ ಶುರು ಮಾಡಿ, ನೇರ ಮಾತು ಅಂತ ಸಮರ್ಥಿಸಿಕೊಳ್ಳೋರು. ಅದು ನೇರ ಅಲ್ಲ ಸ್ವಾಮಿ, ಅದು ಶಲ್ಯನ ಸಾರಥ್ಯ. ಬಳೆ ಊರಿನವನಾಗಿ ಹೇಳ್ತೀನಿ, ಕಾದ ಗಾಜು ನಿಧಾನಕ್ಕೆ ಆರಿದರೆ ಗಟ್ಟಿಯಾಗುತ್ತೆ, ತಣ್ಣೀರೆರಚಿದರೆ ಸೀಳು ಬಿಡುತ್ತೆ. ಮಹಾಭಾರತದಲ್ಲೇ ಅದಕ್ಕೊಂದು ಕೊನೆ ಇದೆ. ಕರ್ಣ ಸರ್ಪಾಸ್ತ್ರ ಹೂಡಿದಾಗ ಅದೇ ಶಲ್ಯ, ಈ ಗುರಿ ಕೊರಳಿಗೆ ತಾಗಲ್ಲ, ನೋಡಿ ಮತ್ತೆ ಹೂಡು ಅಂದ. ಆ ಗಳಿಗೆಯ 'ಬೇಡ' ಸರಿಯಾಗೇ ಇತ್ತು. ಆದರೆ ಅಲ್ಲಿಯವರೆಗೂ ಹೀಯಾಳಿಸಿದ ಬಾಯಿಂದ ಬಂದ ಸರಿಯಾದ ಮಾತನ್ನ ಕರ್ಣ ಯಾಕೆ ಕೇಳ್ತಾನೆ? ಎರಡು ಸಲ ಗುರಿ ಇಡೋನಲ್ಲ ನಾನು ಅಂದ, ಬಿಟ್ಟ. ಬಾಣ ಅರ್ಜುನನ ಕಿರೀಟ ಹಾರಿಸಿಕೊಂಡು ಹೋಯಿತು. ದಿನವಿಡೀ ಎದೆಗುಂದಿಸಿದವನಿಗೆ, ಬೇಕಾದ ಹೊತ್ತಿನಲ್ಲಿ ಬೇಡ ಅನ್ನೋ ಹಕ್ಕು ಉಳಿದಿರಲ್ಲ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಮುಂದಿನ ಸಲ ನಿಮ್ಮ ಕೈಗೆ ಫೀಡ್‌ಬ್ಯಾಕ್ ಫಾರಂ ಬಂದಾಗ, ‘ಡಿಮೋಟಿವೇಟ್ ಮಾಡ್ತಾರೆ’ ಅಂತ ಟೈಪ್ ಮಾಡೋ ಮುಂಚೆ ಆ ಚೀಲ ಬಿಚ್ಚಿ. ಅವರು ನಿಮ್ಮ ಪ್ಲಾನ್ ಬೇಡ ಅಂದರಾ? ಹಾಗಾದರೆ ಹಾಗೇ ಬರೆಯಿರಿ, ಅವರು ಕೊಟ್ಟ ಕಾರಣವನ್ನೂ ಬರೆಯಿರಿ, ನಿಮ್ಮ ಉತ್ತರ ಏನು ಅನ್ನೋದನ್ನೂ ಬರೆಯಿರಿ. ಅವರು ನಿಮ್ಮನ್ನೇ ಬೇಡ ಅಂದರಾ? ಮಾತಿನ ನಡುವೆ ಬಾಯಿ ಮುಚ್ಚಿಸಿದರಾ, ಇನ್ವೈಟಿನಿಂದ ಹೆಸರು ತೆಗೆದರಾ, ಊರು, ಉಚ್ಚಾರಣೆ, ಲಂಗ ಹಿಡಿದು ಅಳೆದರಾ? ಅದನ್ನೂ ಬಿಡಿಬಿಡಿಯಾಗಿ, ತಾರೀಖಿನ ಸಮೇತ ಬರೆಯಿರಿ. ಅದಕ್ಕೆ ‘ಡಿಮೋಟಿವೇಟ್’ ತೀರಾ ಮೆತ್ತಗಿನ ಪದ. ಆ ಮೆತ್ತಗಿನ ಪದದ ಹಿಂದೆ ಅವರು ಇಷ್ಟು ದಿನ ಆರಾಮಾಗಿ ಕೂತಿದ್ದಾರೆ.